ದೇಣಿಗೆಗಿಂತ ದಾಖಲೆ ದೊಡ್ಡದು

ಕೊಬ್ಬರಿ ಮಾರಿದ ಹಣದಲ್ಲಿ ಓದಿ, ವಿದೇಶಗಳಲ್ಲಿ ವೈದ್ಯರೂ ವಿಜ್ಞಾನಿಗಳೂ ಆದವರು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ವಿರಳವೇನಲ್ಲ. ತವರಿಗೆ ಏನಾದರೂ ಮಾಡಬೇಕೆಂದು ಅವರು ಬಂದಾಗ ನಾವು ಕೇಳುವುದು ಕಟ್ಟಡವನ್ನು, ಇಲ್ಲವೇ ಯಂತ್ರವನ್ನು. ಆಡಳಿತದಲ್ಲಿದ್ದು ಇದನ್ನು ಕಂಡ ನನಗೆ, ಕೇಳಬೇಕಾದುದು ಬೇರೆಯೇ ಎನಿಸುತ್ತದೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಜನರ ಮಿಷನ್ ಆಸ್ಪತ್ರೆ, 1934ರಿಂದ ನವಜಾತ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿತ್ತು. ಆ ಪುಸ್ತಕಗಳನ್ನು ಗುಜರಿಗೆ ಹಾಕಿರಲಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಆಸ್ಪತ್ರೆಯವರೊಡನೆ ಸೇರಿ, 1934–54ರ ನಡುವೆ ಅಲ್ಲಿ ಜನಿಸಿದ 517 ಮಂದಿಯನ್ನು ಪರೀಕ್ಷಿಸಿದರು. ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚೆಂಬ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಈ ಸಹಯೋಗಕ್ಕೆ ಬಂಡವಾಳವಾದದ್ದು ಹಳೆಯ ರಿಜಿಸ್ಟರು.

ತುಮಕೂರು ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಮಕ್ಕಳ ಹಲ್ಲು, ಹಿರಿಯರ ಮೂಳೆಗಳ ಮೇಲೆ ಅದರ ಪರಿಣಾಮವನ್ನು ಹಳ್ಳಿವಾರು, ವರ್ಷವಾರು ದಾಖಲಿಸಲು ತರಬೇತಿ, ಸಿಬ್ಬಂದಿ, ಪ್ರಯೋಗಾಲಯದ ನೆರವು ಬೇಕು. ಹೊರನಾಡಿನ ನಮ್ಮವರಿಂದ ಕೇಳಬೇಕಾದುದು ಇದನ್ನೇ. ಆದರೆ ಎರಡು ಷರತ್ತುಗಳಿರಲಿ: ಮಾಹಿತಿ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಉಳಿಯಬೇಕು, ಫಲಿತಾಂಶ ಕನ್ನಡದಲ್ಲಿ ಗ್ರಾಮಸಭೆಗೆ ಬರಬೇಕು. ತೆಂಗು ನೆಟ್ಟು ವರ್ಷಗಟ್ಟಲೆ ಕಾಯಬಲ್ಲ ಸೀಮೆಗೆ ಇಂಥ ದೀರ್ಘ ಲೆಕ್ಕ ಹೊಸತಲ್ಲ.