ಸೀಸ ಹಿಡಿಯುವ ಜೆಲ್: ಸೀಳಿದರೂ ಕೂಡಿಕೊಳ್ಳುವ ಬಲೆ

ಮಗುವಿನ ಡೈಪರ್‌ನಲ್ಲಿಯೂ ಕಣ್ಣಿನ ಕಾಂಟ್ಯಾಕ್ಟ್ ಲೆನ್ಸ್‌ನಲ್ಲಿಯೂ ಬಳಕೆಯಾಗುವ ಹೈಡ್ರೋಜೆಲ್ ಎಂಬ ಪದಾರ್ಥವು ನೀರಿನಲ್ಲಿ ಕರಗಿರುವ ಭಾರಲೋಹಗಳನ್ನು ಹಿಡಿಯುವ ಬಲೆಯಾಗಿಯೂ ವಿಜ್ಞಾನಿಗಳ ಗಮನ ಸೆಳೆದಿದೆ. ಸೀಳಿದರೂ ತಾನಾಗಿಯೇ ಕೂಡಿಕೊಳ್ಳುವ ಗುಣವನ್ನು ಅದಕ್ಕೆ ನೀಡುವ ಪ್ರಯತ್ನಗಳು ಪ್ರಯೋಗಾಲಯಗಳಲ್ಲಿ ನಡೆದಿವೆ.

ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಸೀಸ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಭಾರತೀಯ ಮಾನಕ ಬ್ಯೂರೋದ 2012ರ ಮಾನದಂಡದಂತೆ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003 ಮಿಲಿಗ್ರಾಂ, ಪಾದರಸ 0.001 ಮಿಲಿಗ್ರಾಂ ಮೀರುವಂತಿಲ್ಲ. ಕರಗಿದ ಲೋಹವು ಬಟ್ಟೆಗೂ ಮರಳಿಗೂ ಸಿಕ್ಕುವುದಿಲ್ಲವಾದ್ದರಿಂದ ರಾಸಾಯನಿಕ ಸೆಳೆತವೇ ಬೇಕಾಗುತ್ತದೆ.

ಹೈಡ್ರೋಜೆಲ್ ಎಂದರೆ ತನ್ನ ತೂಕಕ್ಕಿಂತ ಹಲವು ಪಟ್ಟು ನೀರನ್ನು ಹೀರಿಯೂ ಕರಗದೆ ಉಳಿಯಬಲ್ಲ ಪಾಲಿಮರ್ ಜಾಲ. ಇದರ ಎಳೆಗಳಲ್ಲಿರುವ ಕಾರ್ಬಾಕ್ಸಿಲ್, ಅಮೈನ್ ಗುಂಪುಗಳು ಲೋಹದ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಸಿಗಡಿ ಚಿಪ್ಪಿನಿಂದ ಪಡೆಯುವ ಕೈಟೊಸಾನ್ ಇಂತಹ ಜೆಲ್‌ಗೆ ಒದಗುವ ಅಗ್ಗದ ಕಚ್ಚಾವಸ್ತು. ಗಂಧಕವುಳ್ಳ ಥಯೋಲ್ ಗುಂಪಿಗಂತೂ ಪಾದರಸದ ಮೇಲೆ ಎಷ್ಟು ಒಲವೆಂದರೆ, ಅದರ ಹಳೆಯ ಹೆಸರಾದ 'ಮರ್ಕ್ಯಾಪ್ಟನ್' ಎಂಬುದರ ಅರ್ಥವೇ ಪಾದರಸವನ್ನು ಹಿಡಿಯುವುದು ಎಂದು.

ಗಾಯ ಮಾಯುವ ಬಗೆ

ನೀರಿನಿಂದ ಉಬ್ಬಿದ ಜೆಲ್ ಬಲು ಮೆದು. ಹರಿವಿನ ಒತ್ತಡಕ್ಕೆ ಅದು ಬಿರುಕು ಬಿಟ್ಟರೆ ಚೂರುಗಳು ಕೊಳವೆಯನ್ನು ಕಟ್ಟುತ್ತವೆ, ಇಲ್ಲವೇ ಹಿಡಿದ ಲೋಹದೊಂದಿಗೆ ಕೊಚ್ಚಿಹೋಗುತ್ತವೆ. ಸ್ವಯಂ ದುರಸ್ತಿಯ ಜೆಲ್‌ನಲ್ಲಿ ಎಳೆಗಳನ್ನು ಹೈಡ್ರೋಜನ್ ಬಂಧ, ಇಮೈನ್ ಬಂಧದಂತಹ, ಕಳಚಿ ಮತ್ತೆ ಕೂಡಬಲ್ಲ ಕೊಂಡಿಗಳಿಂದ ಹೆಣೆಯಲಾಗುತ್ತದೆ. ಸೀಳಿದ ಅಂಚುಗಳು ಒಂದಕ್ಕೊಂದು ತಾಗಿದಾಗ ಕೊಂಡಿಗಳು ಪುನಃ ಬೆಸೆಯುತ್ತವೆ. ಅಂಚುಗಳು ತಾಗದಿದ್ದರೆ ಪವಾಡವೇನೂ ನಡೆಯುವುದಿಲ್ಲ.

ತೊಡಕಿರುವುದೂ ಇಲ್ಲಿಯೇ. ಲೋಹದಿಂದ ತುಂಬಿದ ಜೆಲ್‌ನ್ನು ಮರುಬಳಕೆಗೆ ಸಿದ್ಧಗೊಳಿಸಲು ಸಾಮಾನ್ಯವಾಗಿ ಆಮ್ಲದಲ್ಲಿ ತೊಳೆಯಲಾಗುತ್ತದೆ. ಆಮ್ಲದ ಹೈಡ್ರೋಜನ್ ಅಯಾನುಗಳು ಲೋಹವನ್ನು ಹೊರದಬ್ಬುತ್ತವೆ. ಆದರೆ ಇಮೈನ್ ಬಂಧ ಸಡಿಲಗೊಳ್ಳುವುದೂ ಆಮ್ಲದಲ್ಲಿಯೇ. ಮೇಲಾಗಿ, ಬೆಸೆಯಬೇಕಾದ ಗುಂಪುಗಳನ್ನೇ ಲೋಹ ಆಕ್ರಮಿಸಿಕೊಂಡರೆ ಗಾಯ ಮಾಯುವುದು ಕುಂಠಿತವಾಗಬಹುದು. ಹೊಸ ಜೆಲ್‌ನ್ನು ಕತ್ತರಿಸಿ ಕೂಡಿಸಿ ತೋರಿಸುವುದಕ್ಕಿಂತ, ಹಲವು ಬಾರಿ ಲೋಹ ಹೀರಿ, ಆಮ್ಲದಲ್ಲಿ ತೊಳೆಸಿಕೊಂಡ ಜೆಲ್‌ನ್ನು ಕೂಡಿಸಿ ತೋರಿಸುವುದೇ ನಿಜವಾದ ಪರೀಕ್ಷೆ. ಶುದ್ಧ ನೀರಿಗೆ ಒಂದೇ ಲೋಹ ಬೆರೆಸಿ ಪಡೆದ ಆಕರ್ಷಕ ಅಂಕಿಗಳನ್ನೂ ಎಚ್ಚರಿಕೆಯಿಂದ ನೋಡಬೇಕು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳೂ ಅದೇ ಗುಂಪುಗಳಿಗೆ ಪೈಪೋಟಿ ನಡೆಸುತ್ತವೆ.

ಬೆಂಗಳೂರಿನ ಯತ್ನ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಸೂರ್ಯಸಾರಥಿ ಬೋಸ್ ಅವರ ತಂಡ 2024ರಲ್ಲಿ ಪ್ರಕಟಿಸಿದ ಹೈಡ್ರೋಜೆಲ್‌ನ ಗುರಿ ಬೇರೆ: ಮೈಕ್ರೋಪ್ಲಾಸ್ಟಿಕ್. ಕೈಟೊಸಾನ್ ಸೇರಿದಂತೆ ಮೂರು ಪಾಲಿಮರ್‌ಗಳನ್ನು ಹೆಣೆದ ಈ ಜೆಲ್ ಐದು ಸುತ್ತಿನವರೆಗೆ ಬಳಕೆಗೆ ತಾಳಿಕೊಂಡಿತು. ಸವೆದ ಜೆಲ್‌ನ್ನು ಎಸೆಯದೆ, ನೀರಿನಿಂದ ಹೆಕ್ಸಾವೇಲೆಂಟ್ ಕ್ರೋಮಿಯಂ ತೆಗೆಯಬಲ್ಲ ಇಂಗಾಲದ ನ್ಯಾನೊವಸ್ತುವಾಗಿ ಪರಿವರ್ತಿಸಬಹುದೆಂದು ತಂಡ ತಿಳಿಸಿದೆ.

ಪ್ಲಾಸ್ಟಿಕ್‌ನ್ನು ಬೆಳಕಿನ ನೆರವಿನಿಂದ ಒಡೆಯಬಹುದು. ಸೀಸ, ಕ್ರೋಮಿಯಂಗಳು ಮೂಲಧಾತುಗಳಾದ್ದರಿಂದ ಒಡೆಯಲು ಏನೂ ಇಲ್ಲ. ಜೆಲ್ ತೊಳೆದ ಆಮ್ಲದಲ್ಲಿ ಅವು ಇನ್ನಷ್ಟು ಸಾಂದ್ರವಾಗಿ ಉಳಿಯುತ್ತವೆ. ಆ ದ್ರವದಿಂದ ಲೋಹವನ್ನು ಮರಳಿ ಪಡೆಯಬೇಕು, ಇಲ್ಲವೇ ಅಪಾಯಕಾರಿ ತ್ಯಾಜ್ಯದ ನಿಯಮದಂತೆ ವಿಲೇವಾರಿ ಮಾಡಬೇಕು. ಈ ಖರ್ಚನ್ನೂ ಶುದ್ಧೀಕರಣದ ಲೆಕ್ಕಕ್ಕೇ ಸೇರಿಸಬೇಕಾಗುತ್ತದೆ.