ಅರ್ಧಕ್ಕೆ ನಿಂತ ಬಗ್ಗಿ

ಬೇರೊಬ್ಬರು ಕತ್ತರಿಸಿಟ್ಟ ಬಟ್ಟೆಯನ್ನು ನೀವೆಂದಾದರೂ ಹೊಲಿಯಲು ಕುಳಿತಿದ್ದೀರಾ? ಅವರು ಎಲ್ಲಿ ತಪ್ಪಿದ್ದಾರೆಂದು ಮೊದಲು ಹುಡುಕಬೇಕು. ಅಮೆರಿಕದಲ್ಲಿ ಯಾರೋ ಅರ್ಧಕ್ಕೆ ಬಿಟ್ಟ ಮರಳುದಿಬ್ಬದ ಬಗ್ಗಿ ಗಾಡಿಯನ್ನು ಕೊಳ್ಳುವ ಹೊಸಬರ ಪಾಡೂ ಇದೇ.

1964ರಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ ಫೈಬರ್‌ಗ್ಲಾಸ್ ಮೈಯ ‘ಮೇಯರ್ಸ್ ಮ್ಯಾಂಕ್ಸ್’ ಬಗ್ಗಿಯನ್ನು ಕಟ್ಟಿದರು. ಆಮೇಲೆ ಅದರ ಕಿಟ್‌ಗಳು ಮಾರಾಟಕ್ಕೆ ಬಂದವು. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ತಳದಿಂದ ಸುಮಾರು 36 ಸೆಂಟಿಮೀಟರ್ ಕತ್ತರಿಸಿ ತೆಗೆದು, ಮತ್ತೆ ಬೆಸೆದು, ಮೇಲೆ ಈ ಮೈ ಕೂರಿಸಬೇಕು. ಮನೆಯಲ್ಲೇ ಮಾಡಬಹುದೆಂದು ಹೊರಟವರಲ್ಲಿ ಎಷ್ಟೋ ಮಂದಿ ನಡುವೆ ಕೈಬಿಟ್ಟರು. (ನಮ್ಮ ಪೆಟ್ಟಿಗೆಯಲ್ಲೂ ಅರ್ಧ ಹೆಣೆದ ಸ್ವೆಟರ್ ಇದೆಯಲ್ಲ!)

ಹೊಸಬರು ಬಣ್ಣಕ್ಕೆ ಮರುಳಾಗುತ್ತಾರೆ. ಆದರೆ ಜೀವ ನಿಂತಿರುವುದು ಅಡಿಯಲ್ಲಿರುವ ಆ ಬೆಸುಗೆಯ ಮೇಲೆ. ಬಗ್ಗಿ ನೋಡಿ, ತುಕ್ಕು ಹಿಡಿದಿದ್ದರೆ, ಗೆರೆ ಸೊಟ್ಟಗಿದ್ದರೆ, ಎಷ್ಟೇ ಅಗ್ಗವಾದರೂ ಬೇಡ. ತಳದಲ್ಲಿ ಕೆತ್ತಿದ ನಂಬರು ಕಾಗದದ ನಂಬರಿಗೆ ಹೊಂದದಿದ್ದರೂ ಬೇಡ. ರಸ್ತೆಗಿಳಿಸಲು ನೋಂದಣಿ ಸಿಗುವುದು ಕಷ್ಟ.

ಕೊಂಡ ಮೇಲೆ ಮೊದಲ ಖರ್ಚು ಬ್ರೇಕಿಗೆ. ಎರಡನೆಯದು ಪೆಟ್ರೋಲ್ ಪೈಪಿಗೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ರಬ್ಬರ್ ಒಣಗಿ ಬಿರಿದಿರುತ್ತದೆ, ಬಿಸಿ ಇಂಜಿನ್ ಮೇಲೆ ಹನಿ ಬಿದ್ದರೆ ಬೆಂಕಿ. ಬಣ್ಣ ಬಳಿಯುವುದು ಇವೆಲ್ಲ ಮುಗಿದ ಮೇಲೆ.