ಹಗ್ಗ ಎಳಿ, ಸೇತುವೆ ಕುಣಿಸು: ಮಕ್ಕಳ ಕೈಗೆ ಸಿಕ್ಕ ಕಾರ್ಕ್ ನಗರ

ಐರ್ಲೆಂಡಿನ ದಕ್ಷಿಣದಲ್ಲಿರುವ ಕಾರ್ಕ್ ನಗರದ ಬೀದಿಗಳಲ್ಲಿ ಹಗಲು ಹೊತ್ತು ಓಡಾಡುತ್ತಿದ್ದರೆ ಗುಡ್ಡದ ಮೇಲಿಂದ ಗಂಟೆಗಳ ಹಾಡೊಂದು ತೇಲಿ ಬರುತ್ತದೆ. ಎಂಥ ಹಾಡು ಅಂತೀರಿ! ಎರಡು ಸ್ವರ ಸರಿ, ಮೂರನೆಯದು ತಪ್ಪು, ಆಮೇಲೆ ಪತ್ತೆಯೇ ಇಲ್ಲ, ಮತ್ತೆ ಗಡಿಬಿಡಿಯಲ್ಲಿ ನಾಲ್ಕು ಸ್ವರ ಒಟ್ಟಿಗೆ. ಕೈಚೀಲ ಹಿಡಿದು ಹೊರಟ ಅಲ್ಲಿನ ಅಜ್ಜಿಯರು ತಲೆ ಎತ್ತಿಯೂ ನೋಡುವುದಿಲ್ಲ. ಅವರಿಗೆ ಗೊತ್ತು, ಶಾಂಡನ್ ಗುಡ್ಡದ ಸೇಂಟ್ ಆನ್ಸ್ ಚರ್ಚಿನ ಗೋಪುರದಲ್ಲಿ ಯಾವ ದೇಶದ್ದೋ ಮಗುವೊಂದು ಹಗ್ಗ ಎಳೆಯುತ್ತಿದೆ!

ಹೌದು, ಎಳೆಯಲು ಬಿಡುತ್ತಾರೆ! ಚರ್ಚು 1722ರದು. ಎಂಟು ಗಂಟೆಗಳು 1750ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಎರಕಗೊಂಡು ಬಂದವು. ನಮ್ಮಲ್ಲಾದರೆ ಇಂಥದ್ದಕ್ಕೆ ಸರಪಳಿ ಬಿಗಿದು ‘ಮುಟ್ಟಬಾರದು’ ಎಂದು ಫಲಕ ನೇತುಹಾಕುತ್ತಿದ್ದರು. ಇಲ್ಲಿ ಟಿಕೆಟ್ ಕೊಂಡವರೆಲ್ಲ ಬಾರಿಸಬಹುದು. ಹಗ್ಗಗಳಿಗೆ ಅಂಕಿ ಕೊಟ್ಟಿದ್ದಾರೆ, ಎದುರಿಗೆ ಹಾಡುಗಳ ಹಾಳೆ, ಹಾಳೆಯಲ್ಲೂ ಸ್ವರದ ಬದಲು ಅವೇ ಅಂಕಿಗಳು. ಮಗಳು ಮೊದಲ ಹಗ್ಗ ಎಳೆದಳು. ಢಣ್! ಬೆಚ್ಚಿ ನನ್ನ ಕಡೆ ತಿರುಗಿದಳು.

“ಅಮ್ಮಾ, ಇದು ಊರಿಗೆಲ್ಲ ಕೇಳಿಸ್ತದಾ?”

“ಊರಿಗೆಲ್ಲ ಕೇಳಿಸ್ತದೆ ಪುಟ್ಟಿ.”

ಆಮೇಲೆ ಅವಳನ್ನು ಅಲ್ಲಿಂದ ಬಿಡಿಸಿಕೊಂಡು ಬರುವುದೇ ಕಷ್ಟವಾಯಿತು.

ಕಿವಿಗೆ ರಕ್ಷಾಕವಚ ಹಾಕಿಕೊಂಡು 132 ಮೆಟ್ಟಿಲು ಹತ್ತಿದರೆ ಇಡೀ ನಗರ ಕಾಲ ಕೆಳಗೆ. ಗೋಪುರದ ಎರಡು ಮೈ ಕೆಂಪು ಮರಳುಗಲ್ಲು, ಇನ್ನೆರಡು ಬಿಳಿ ಸುಣ್ಣಕಲ್ಲು. ನೆತ್ತಿಯ ಮೇಲೆ ಗಾಳಿಯ ದಿಕ್ಕು ಹೇಳುವ ಬಂಗಾರದ ಬಣ್ಣದ ಸಾಲ್ಮನ್ ಮೀನು. ನಾಲ್ಕು ಕಡೆಯೂ ಗಡಿಯಾರ, ನಾಲ್ಕರಲ್ಲೂ ಬೇರೆ ಬೇರೆ ಸಮಯ! ಗಾಳಿ ಮುಳ್ಳುಗಳನ್ನು ಅತ್ತಿತ್ತ ತಳ್ಳುತ್ತದಂತೆ, ಗಂಟೆ ತುಂಬುವ ಹೊತ್ತಿಗಷ್ಟೇ ನಾಲ್ಕೂ ಒಂದು ಮಾತಿಗೆ ಬರುತ್ತವೆ. ಊರವರು ಇದನ್ನು ‘ನಾಲ್ಕು ಮುಖದ ಸುಳ್ಳುಗಾರ’ ಎಂದು ಪ್ರೀತಿಯಿಂದಲೇ ಬೈಯುತ್ತಾರೆ.

ಕೆಳಗಿಳಿದು ನಾಲ್ಕು ಹೆಜ್ಜೆ ಹಾಕಿದರೆ ಬೆಣ್ಣೆಯ ಮ್ಯೂಸಿಯಂ. ಬೆಣ್ಣೆಗೊಂದು ಮ್ಯೂಸಿಯಮ್ಮೇ ಎಂದು ನಗುತ್ತ ಒಳಹೊಕ್ಕ ನಾನು ಹೊರಬರುವಾಗ ಬಾಯಿ ಬಿಟ್ಟುಕೊಂಡಿದ್ದೆ. ಹತ್ತೊಂಬತ್ತನೇ ಶತಮಾನದಲ್ಲಿ ಜಗತ್ತಿನಲ್ಲೇ ಅತಿ ದೊಡ್ಡ ಬೆಣ್ಣೆ ಮಾರುಕಟ್ಟೆ ಇದ್ದದ್ದು ಈ ಗುಡ್ಡದ ಮೇಲೆ! ಸುತ್ತಲಿನ ಹಳ್ಳಿಗಳಿಂದ ಮರದ ಪೀಪಾಯಿಗಳಲ್ಲಿ ಬೆಣ್ಣೆ ಬರುತ್ತಿತ್ತು. ಪರೀಕ್ಷಕರು ಮೂಸಿ, ರುಚಿ ನೋಡಿ, ದರ್ಜೆ ಕಟ್ಟುತ್ತಿದ್ದರು. ಬಿಸಿಲ ನಾಡಿನ ದಾರಿಯಲ್ಲಿ ಕೆಡದಂತೆ ಚೆನ್ನಾಗಿ ಉಪ್ಪು ಹಾಕಿ ಹಡಗು ಹತ್ತಿಸಿದರೆ ಕೆರಿಬಿಯನ್ ದ್ವೀಪಗಳವರೆಗೂ ಹೋಗುತ್ತಿತ್ತು. ಜೌಗು ನೆಲದಲ್ಲಿ ಹೂತಿಟ್ಟಿದ್ದ ಸಾವಿರ ವರ್ಷ ಹಿಂದಿನ ಬೆಣ್ಣೆಯೂ ಇಲ್ಲಿ ಪೀಪಾಯಿ ಸಮೇತ ಇದೆ. ಸಾವಿರ ವರ್ಷ! ಚಾಲುಕ್ಯರ ಕಾಲದಲ್ಲಿ ಕಡೆದ ಬೆಣ್ಣೆ ಅನ್ನಿ.

ಈ ಬೆಣ್ಣೆಯ ದುಡ್ಡು ಊರಿನಲ್ಲಿ ಇನ್ನೂ ಕುಣಿಯುತ್ತಿದೆ. ಸುಮ್ಮನೆ ಹೇಳಿದ ಮಾತಲ್ಲ. ಲೀ ನದಿಗೆ ಅಡ್ಡವಾಗಿ 1927ರಲ್ಲಿ ಕಟ್ಟಿದ ತೂಗುಸೇತುವೆಯೊಂದಿದೆ, ಡೇಲಿ ಎಂಬ ಬೆಣ್ಣೆ ವ್ಯಾಪಾರಿ ಹಣ ಕೊಟ್ಟಿದ್ದರಿಂದ ಅವರದೇ ಹೆಸರು. ಆದರೆ ಯಾರೂ ಹಾಗೆ ಕರೆಯುವುದಿಲ್ಲ, ಎಲ್ಲರ ಬಾಯಲ್ಲೂ ‘ಶೇಕಿ ಬ್ರಿಜ್’. ನಡುವೆ ನಿಂತು ಜಿಗಿದರೆ ಇಡೀ ಸೇತುವೆ ಜೋಲಿಯಾಡುತ್ತದೆ! ಈಚೆಗೆ ದುರಸ್ತಿಗೆ ಬಿಚ್ಚಿದಾಗ ಊರವರಿಗೆ ಒಂದೇ ಚಿಂತೆ, ಅಲುಗಾಟ ಹೋಗಿಬಿಟ್ಟರೆ? ಎಂಜಿನಿಯರುಗಳು ಅಲುಗಾಟವನ್ನು ಜೋಪಾನವಾಗಿ ಉಳಿಸಿಕೊಟ್ಟರು. ಅಲ್ಲಾಡುವ ಸೇತುವೆಯನ್ನು ಅಲ್ಲಾಡುವಂತೆಯೇ ರಿಪೇರಿ ಮಾಡಿಸಿಕೊಂಡ ಊರನ್ನು ಮೆಚ್ಚದೆ ಹೇಗಿರಲಿ? ಸೇತುವೆ ದಾಟಿದರೆ ಫಿಟ್ಸ್‌ಜೆರಾಲ್ಡ್ ಪಾರ್ಕ್, ಮಕ್ಕಳಿಗೆ ಆಟದ ಬಯಲು, ದೊಡ್ಡವರಿಗೆ ಕಾಫಿ, ಜೊತೆಗೊಂದು ಪುಟ್ಟ ಮ್ಯೂಸಿಯಂ.

ಹಸಿವಾಯಿತೇ? ಊರ ನಡುವೆ ಇಂಗ್ಲಿಷ್ ಮಾರ್ಕೆಟ್ ಇದೆ. 1788ರಿಂದ ಅದೇ ಜಾಗದಲ್ಲಿ ನಡೆಯುತ್ತಿರುವ, ಛಾವಣಿ ಹೊದ್ದ ಸಂತೆ. 1980ರಲ್ಲಿ ಬೆಂಕಿ ಬಿದ್ದು ಒಂದು ಭಾಗ ಸುಟ್ಟುಹೋದರೂ ಮತ್ತೆ ಕಟ್ಟಿಕೊಂಡು ವ್ಯಾಪಾರಕ್ಕೆ ಕೂತಿತು. ಒಳಗೆ ಎರಕದ ಕಬ್ಬಿಣದ ಕಾರಂಜಿ, ಅದರ ಸುತ್ತ ಕೂಗಾಟ, ನಗೆ, ಮಂಜುಗಡ್ಡೆಯ ಮೇಲೆ ಮಲಗಿದ ಮೀನುಗಳ ರಾಶಿ. ಅಲ್ಲೊಂದು ಅಂಗಡಿಯ ಮುಂದೆ 2011ರಲ್ಲಿ ಎಲಿಜಬೆತ್ ರಾಣಿ ನಿಂತಿದ್ದರು. ಪ್ಯಾಟ್ ಓಕಾನಲ್ ಎಂಬ ಮೀನು ವ್ಯಾಪಾರಿ ಅದೇನೋ ಚಟಾಕಿ ಹಾರಿಸಿದರು, ರಾಣಿ ಮನಸಾರೆ ನಕ್ಕುಬಿಟ್ಟರು, ಆ ಫೋಟೋ ಜಗತ್ತೆಲ್ಲ ಸುತ್ತಿತು.

ಕಾರ್ಕಿನದೇ ಆದ ತಿನಿಸುಗಳಿಗೆ ಎದೆ ಗಟ್ಟಿ ಬೇಕು. ಡ್ರಿಶೀನ್ ಎಂದರೆ ರಕ್ತದಿಂದ ಮಾಡುವ ಒಂದು ಬಗೆಯ ಸಾಸೇಜು, ಅದನ್ನು ಬೋಟಿಯ ಜೊತೆ ತಿನ್ನುತ್ತಾರೆ. ಕ್ರಿಸ್‌ಮಸ್ಸಿಗೆ ಮಸಾಲೆ ಹಚ್ಚಿ ನೆನೆಸಿಟ್ಟ ದನದ ಮಾಂಸ. ಅಷ್ಟು ಧೈರ್ಯವಿಲ್ಲದ ನಮ್ಮಂಥ ಸೊಪ್ಪುಸಾರಿನ ಸಂಸಾರಕ್ಕೂ ಇಲ್ಲಿ ಹಬ್ಬವೇ. ಚೀಸ್ ಅಂಗಡಿಯಲ್ಲಿ ‘ಮಿಲೀನ್ಸ್’ ಕೇಳಿ ನೋಡಿ. 1970ರ ದಶಕದಲ್ಲಿ ವೆರೋನಿಕಾ ಸ್ಟೀಲ್ ಎಂಬಾಕೆ ಬೇರಾ ಪರ್ಯಾಯದ್ವೀಪದ ತಮ್ಮ ಮನೆಯ ಹಾಲಿನಲ್ಲಿ ಪ್ರಯೋಗ ಮಾಡುತ್ತ ಮಾಡುತ್ತ ಕಟ್ಟಿದ ರುಚಿ ಇದು, ಐರ್ಲೆಂಡಿನ ಹಳ್ಳಿಮನೆ ಚೀಸಿನ ಕಥೆ ಶುರುವಾದದ್ದೇ ಅಲ್ಲಿಂದ. ಅದರ ಒಂದು ತುಂಡು, ಸೋಡಾ ಹಾಕಿ ಬೇಯಿಸಿದ ಕಂದು ಬ್ರೆಡ್ಡು, ಮೇಲೆ ಬೆರಳು ದಪ್ಪ ಬೆಣ್ಣೆ. ಕೈ ಒರೆಸಿಕೊಳ್ಳುವುದಕ್ಕೂ ಮನಸ್ಸು ಬರಲಿಲ್ಲ! ಮಹಡಿಯ ಮೇಲೆ ಫಾರ್ಮ್‌ಗೇಟ್ ಕೆಫೆ ಇದೆ, ಕೆಳಗಿನ ಅಂಗಡಿಗಳ ಸರಕೇ ಮೇಲೆ ಅಡುಗೆಯಾಗುತ್ತದೆ, ಕಟಕಟೆಯ ಪಕ್ಕ ಕೂತರೆ ಊಟದ ಜೊತೆ ಸಂತೆಯೂ ಕಾಣುತ್ತದೆ. ನಿಜಕ್ಕೂ ದೊಡ್ಡ ಊಟ ಮಾಡಬೇಕೆನ್ನುವವರಿಗೆ 1993ರಲ್ಲಿ ಡೆನಿಸ್ ಕಾಟರ್ ತೆರೆದ ಪ್ಯಾರಡೈಸೊ. ಪೂರ್ತಿ ಸಸ್ಯಾಹಾರಿ! ಆದರೆ ನಿದ್ದೆಗಣ್ಣಿನ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ ಅಲ್ಲ ಅದು. ಮಕ್ಕಳಿದ್ದರೆ ಕ್ವೇ ಕೋ-ಆಪ್ ಹೋಟೆಲು ಸಲೀಸು.

ತಿಂದು ಹೊರಬಂದವರು ಸೌತ್ ಮಾಲ್ ಬೀದಿಯ ಹಳೆಯ ಕಟ್ಟಡಗಳನ್ನು ಗಮನಿಸಿ. ಬಾಗಿಲುಗಳು ಮೇಲೆಲ್ಲೋ ಇವೆ, ಮೆಟ್ಟಿಲು ಹತ್ತಬೇಕು. ಕೆಳಗೆ ಇನ್ನೊಂದು ಕಮಾನಿನ ಬಾಯಿ. ಏಕೆ ಗೊತ್ತೇ? ನೀವು ನಿಂತಿರುವ ರಸ್ತೆ ಒಂದು ಕಾಲಕ್ಕೆ ನದಿಯ ಕವಲು! ದೋಣಿಗಳು ಆ ಕಮಾನಿನ ತನಕ ಬಂದು ಸರಕು ಇಳಿಸುತ್ತಿದ್ದವು. ಸೇಂಟ್ ಪ್ಯಾಟ್ರಿಕ್ಸ್ ಸ್ಟ್ರೀಟ್ ಸೊಂಟ ಬಳುಕಿಸಿಕೊಂಡು ಹೋಗುವುದೂ ಅದೇ ಕಾರಣಕ್ಕೆ, ಅದರಡಿಯೂ ನೀರಿದೆ.

ವಿಶ್ವವಿದ್ಯಾಲಯದ ಆವರಣಕ್ಕೆ ಟಿಕೆಟ್ಟಿಲ್ಲ, ಒಂದು ಸುತ್ತು ಬನ್ನಿ. ಕಂಪ್ಯೂಟರುಗಳ ಹೊಟ್ಟೆಯೊಳಗಿನ ಸೊನ್ನೆ-ಒಂದರ ತರ್ಕಕ್ಕೆ ಅಡಿಪಾಯ ಹಾಕಿದ ಜಾರ್ಜ್ ಬೂಲ್ 1849ರಲ್ಲಿ ಇಲ್ಲಿಯ ಮೊದಲ ಗಣಿತ ಪ್ರಾಧ್ಯಾಪಕ. ಅವರ ಹೆಂಡತಿ ಮೇರಿ ಯಾರ ಸೋದರನ ಮಗಳು ಅಂದುಕೊಂಡಿರಿ? ಭಾರತವನ್ನು ಅಳೆದ ಜಾರ್ಜ್ ಎವರೆಸ್ಟ್ ಅವರ! ಬೆಂಗಳೂರಿನ ಅರ್ಧ ಊರು ಅನ್ನ ತಿನ್ನುವುದು ಬೂಲ್ ಹಾಕಿಕೊಟ್ಟ ತರ್ಕದಿಂದ, ನಾನಂತೂ ಮನಸ್ಸಿನಲ್ಲೇ ಕೈ ಮುಗಿದೆ. ಚೌಕದ ನಡುವಿನ ಹುಲ್ಲುಹಾಸನ್ನು ಮಾತ್ರ ವಿದ್ಯಾರ್ಥಿಗಳು ಅಡ್ಡ ದಾಟುವುದಿಲ್ಲ. ದಾಟಿದರೆ ಪರೀಕ್ಷೆಯಲ್ಲಿ ಡುಮ್ಕಿ ಎಂಬ ನಂಬಿಕೆ!

ಊರಾಚೆಗೆ 215ನೇ ನಂಬರಿನ ಬಸ್ಸು ಹಿಡಿದರೆ ಬ್ಲಾರ್ನಿ. 1446ರ ಕೋಟೆಯ ನೆತ್ತಿಯಲ್ಲಿರುವ ಕಲ್ಲಿಗೆ ಮುತ್ತಿಟ್ಟರೆ ಮಾತುಗಾರಿಕೆ ಒಲಿಯುತ್ತದಂತೆ. ಅಂಗಾತ ಮಲಗಿ, ಕಬ್ಬಿಣದ ಸರಳು ಹಿಡಿದು, ತಲೆಯನ್ನು ಹಿಂದಕ್ಕೆ ಕೆಳಕ್ಕೆ ಇಳಿಬಿಡಬೇಕು. ಎಲ್ಲರೂ ಹೇಳುವುದು ಈ ಕಲ್ಲಿನ ಕಥೆಯನ್ನೇ. ನನಗೆ ಕೇಳಿದರೆ ನಿಜವಾದ ಮಜಾ ಕೋಟೆಯ ಮಗ್ಗುಲಿನ ವಿಷದ ತೋಟ! ವತ್ಸನಾಭಿಯ ಬಳಗದ ಗಿಡ, ಮಾಂಡ್ರೇಕ್, ಅಫೀಮು, ಎಲ್ಲಕ್ಕೂ ಎಚ್ಚರಿಕೆಯ ಫಲಕ. ಇಡೀ ಕಾರ್ಕಿನಲ್ಲಿ ನಾನು ಕಂಡ ‘ಮುಟ್ಟಬೇಡಿ’ಯ ಜಾಗ ಇದೊಂದೇ. ಆ ಕೊಲೆಗಡುಕರ ಸಾಲಿನಲ್ಲಿ ನಮ್ಮ ಹರಳು ಗಿಡ! ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಎಣ್ಣೆಯ ಗಿಡವೇ. ಬೀಜದಲ್ಲಿ ರೈಸಿನ್ ಎಂಬ ಘೋರ ವಿಷವಿದೆ, ಎಣ್ಣೆ ತೆಗೆದಾಗ ಅದು ಹಿಂಡಿಯಲ್ಲೇ ಉಳಿದುಬಿಡುತ್ತದೆ.

ಇನ್ನು ರೈಲು. ಕೆಂಟ್ ಸ್ಟೇಷನ್ನಿನಿಂದ ಕೋವ್ ಪಟ್ಟಣಕ್ಕೆ ಅರ್ಧ ಗಂಟೆಯೂ ಬೇಡ, ನೀರಿನ ಮಗ್ಗುಲಲ್ಲೇ ಓಡುತ್ತದೆ. ನಡುವೆ ಫೋಟಾ ನಿಲ್ದಾಣ, ಅಲ್ಲಿಳಿದರೆ ಪಕ್ಕದಲ್ಲೇ ವನ್ಯಜೀವಿ ಪಾರ್ಕಿನ ಬಾಗಿಲು. 1983ರಲ್ಲಿ ಶುರುವಾದ ಇಲ್ಲಿ ಲೀಮರ್‌ಗಳು, ವಾಲಬಿಗಳು ದಾರಿಯಲ್ಲೇ ಜನರ ನಡುವೆ ಅಡ್ಡಾಡುತ್ತವೆ. ನಮ್ಮ ದೇಶದಿಂದ ಒಮ್ಮೆ ಅಳಿದುಹೋಗಿದ್ದ ಚೀತಾದ 200ಕ್ಕೂ ಹೆಚ್ಚು ಮರಿಗಳು ಇಲ್ಲಿ ಹುಟ್ಟಿವೆ. ಅವಕ್ಕೆ ಊಟ ತಟ್ಟೆಯಲ್ಲಿ ಬರುವುದಿಲ್ಲ, ಓಡುವ ತಂತಿಗೆ ಮಾಂಸ ನೇತುಹಾಕುತ್ತಾರೆ, ಬೆನ್ನಟ್ಟಿ ಹಿಡಿಯಬೇಕು. ಇಷ್ಟೆಲ್ಲ ನೋಡಿ ಮುಂದೆ ಬಂದರೆ ಮರದ ಮೇಲೆ ಕಪ್ಪು ಮೈ, ಬೆಳ್ಳಿ ಕೇಸರ, ಕುಚ್ಚಿನ ಬಾಲ. ಸಿಂಗಳೀಕ! ಅಘನಾಶಿನಿ, ಶರಾವತಿ ಕಣಿವೆಗಳ ನಮ್ಮ ಸಿಂಗಳೀಕ! ಶಿರಸಿ, ಹೊನ್ನಾವರದ ಘಟ್ಟದಲ್ಲಿ ಕತ್ತು ನೋಯುವ ತನಕ ಮೇಲೆ ನೋಡಿದರೂ ಎಲೆ ಅಲ್ಲಾಡಿದ್ದಷ್ಟೇ ಕಾಣುತ್ತದೆ. ಅಟ್ಲಾಂಟಿಕ್ ದಡದ ತುಂತುರು ಮಳೆಯಲ್ಲಿ ಅದು ಕೂತು ನಮ್ಮನ್ನೇ ನೋಡುತ್ತಿತ್ತು.

ಕೋವ್ ಬೇರೆಯೇ ಲೋಕ. ಬಣ್ಣದ ಮನೆಗಳು ಬೆಟ್ಟದಿಂದ ಜಾರುವ ಇಸ್ಪೀಟೆಲೆಗಳಂತೆ ಸಾಲುಗಟ್ಟಿವೆ. 1912ರ ಏಪ್ರಿಲ್ 11ರಂದು ಟೈಟಾನಿಕ್ ಕೊನೆಯ ಬಾರಿಗೆ ಲಂಗರು ಹಾಕಿದ್ದು ಈ ಬಂದರಿನಲ್ಲಿ, 123 ಮಂದಿ ಇಲ್ಲಿ ಹತ್ತಿದರು. ಅವರು ಟಿಕೆಟ್ ಹಿಡಿದು ಬಂದ ಅದೇ ಕಚೇರಿ ಈಗ ಪ್ರದರ್ಶನ ಶಾಲೆ. ನಿಮ್ಮ ಕೈಗೂ ಒಬ್ಬ ಪ್ರಯಾಣಿಕರ ಹೆಸರಿನ ಚೀಟಿ ಕೊಡುತ್ತಾರೆ, ಅವರು ಉಳಿದರೋ ಮುಳುಗಿದರೋ ಎನ್ನುವುದು ಕೊನೆಗೇ ತಿಳಿಯುವುದು. ಮಕ್ಕಳು ಉಸಿರು ಬಿಗಿಹಿಡಿದು ಗೋಡೆಯ ಮೇಲೆ ತಮ್ಮ ಹೆಸರು ಹುಡುಕುತ್ತಾರೆ.

ಎದುರಿಗೇ ಸ್ಪೈಕ್ ದ್ವೀಪ, ದೋಣಿಯಲ್ಲಿ ಪುಟ್ಟ ಪ್ರಯಾಣ. ನಕ್ಷತ್ರದಾಕಾರದ ಕೋಟೆ. ಐರ್ಲೆಂಡಿನ ಮಹಾಕ್ಷಾಮದ ನಡುವೆ, 1847ರಲ್ಲಿ, ಅದನ್ನು ಜೈಲು ಮಾಡಿದರು. ಹಸಿದು ಕದ್ದವರೂ ಬಂದು ಬಿದ್ದರು, ಒಂದು ಹಂತದಲ್ಲಿ 2,300ಕ್ಕೂ ಹೆಚ್ಚು ಕೈದಿಗಳಿದ್ದರು. ನಡುವೆ ಮುಚ್ಚಿ ಮತ್ತೆ ತೆರೆದ ಈ ಜೈಲಿಗೆ ಕೊನೆಯ ಬೀಗ ಬಿದ್ದದ್ದು 2004ರಲ್ಲಿ! ಈಗ ಮಕ್ಕಳು ಕೋಣೆಗಳಿಗೆ ನುಗ್ಗಿ ಕಂಬಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಕೋಟೆಯ ಸುತ್ತ ಸಮುದ್ರದ ಪಕ್ಕ ನಡೆಯಲು ದಾರಿಯಿದೆ, ಮಳೆಯಂಗಿ ಇರಲಿ, ಬುತ್ತಿಯೂ ಇರಲಿ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಮಾತ್ರ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ. ಆ ಜೈಲಿನಿಂದ ಈಜಿ ತಪ್ಪಿಸಿಕೊಳ್ಳಬಲ್ಲೆ ಎಂದು ನಮ್ಮ ಮಗಳು ಆಗಲೇ ಪಂಥ ಕಟ್ಟಿದ್ದಳು!